ಚೀನಾದಲ್ಲಿ ಹೊಸ ಪಾಠ, ಪಲ್ಲಾವರದಲ್ಲಿ ಹಳೆಯ ಪಾಠ

(ಪಲ್ಲಾವರದಲ್ಲಿ ಸಂಘದ ಭಾನುವಾರದ ಕನ್ನಡ ತರಗತಿಯ ಹೊಸ ಅವಧಿಯ ಆರಂಭದಂದು ಮಾಡಿದ ಭಾಷಣದ ಬರಹ ರೂಪ)



ಈ ಸಭಾಂಗಣದಲ್ಲಿ ಮಾತನಾಡುವವನಿಗೆ ಒಂದು ಅನುಕೂಲವಿದೆ. ಮಾತು ತಪ್ಪಿದಾಗ ಮೀನಂಬಾಕದ ವಿಮಾನವೊಂದು ತಲೆಯ ಮೇಲೆ ಹಾದುಹೋಗುತ್ತದೆ. ಸದ್ದು ಅಡಗುವಷ್ಟರಲ್ಲಿ ಮುಂದಿನ ವಾಕ್ಯವನ್ನು ಯೋಚಿಸಿಕೊಳ್ಳಬಹುದು. ಇಪ್ಪತ್ತು ವರ್ಷಗಳಿಗೂ ಮಿಕ್ಕಿ ನಾನು ಈ ಅನುಕೂಲವನ್ನು ಪಡೆದುಕೊಂಡು ಬಂದಿದ್ದೇನೆ.

ಇಂದು ನಮ್ಮ ಕನ್ನಡ ತರಗತಿಯ ಹೊಸ ಅವಧಿ ಆರಂಭವಾಗುತ್ತಿದೆ. ಹೆಸರು ಕೊಟ್ಟ ಮಕ್ಕಳು ಹನ್ನೊಂದು, ಬಂದಿರುವವರು ಒಂಬತ್ತು. ಕಾರ್ಯಕಾರಿ ಸಮಿತಿಯ ಕಳೆದ ಸಭೆಯಲ್ಲಿ, ಇಷ್ಟು ಕಡಿಮೆ ಮಕ್ಕಳಿಗಾಗಿ ತರಗತಿಯನ್ನು ಮುಂದುವರಿಸಬೇಕೆ ಎಂಬ ಪ್ರಶ್ನೆ ಬಂದಿತು. ಕೇಳಿದವರು ಕನ್ನಡದ ವಿರೋಧಿಗಳಲ್ಲ. ಸಂಘದ ಲೆಕ್ಕಪತ್ರವನ್ನು ಶ್ರದ್ಧೆಯಿಂದ ನೋಡಿಕೊಳ್ಳುವವರು. ಅವರ ಪ್ರಶ್ನೆಗೆ ಉತ್ತರ ಕೊಡುವುದು ನನ್ನ ಇಂದಿನ ಕೆಲಸ. ಆದರೆ ಉತ್ತರವನ್ನು ಹುಡುಕಿಕೊಂಡು ನಿಮ್ಮನ್ನು ಸ್ವಲ್ಪ ದೂರ, ಚೀನಾ ದೇಶದವರೆಗೆ, ಕರೆದುಕೊಂಡು ಹೋಗಬೇಕಾಗಿದೆ.

ನಮ್ಮ ಸಂಘದ ಸದಸ್ಯರೊಬ್ಬರ ಮಗಳು ಈಗ ಚೀನಾದ ಪ್ರಾಂತೀಯ ನಗರವೊಂದರ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸುತ್ತಾಳೆ. ಅವಳ ಹೆಸರನ್ನು ನಾನು ಹೇಳುವುದಿಲ್ಲ. ತಿಳಿದವರು ಮನಸ್ಸಿನಲ್ಲಿಯೇ ಇಟ್ಟುಕೊಳ್ಳಿ. ಬಾಲ್ಯದಲ್ಲಿ ಅವಳು ಇದೇ ತರಗತಿಯಲ್ಲಿ ಕುಳಿತಿದ್ದವಳು. ಗಣಿತದಲ್ಲಿ ಸ್ನಾತಕೋತ್ತರ ಪದವಿ ಪಡೆದಿದ್ದರೂ, ಇಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಇಂಗ್ಲಿಷ್ ಕಲಿಸಿದ ಅನುಭವವಿದ್ದುದರಿಂದ, ಅಲ್ಲಿಯೂ ಮೊದಲು ಇಂಗ್ಲಿಷ್ ಅಧ್ಯಾಪಕಿಯ ಕೆಲಸಕ್ಕೇ ಅರ್ಜಿ ಹಾಕಿದಳು. ಅವಳ ಇಂಗ್ಲಿಷ್ ಎಂತಹುದೆಂದರೆ, ನಮ್ಮ ಕಚೇರಿಯ ಟಿಪ್ಪಣಿಗಳನ್ನು ಅವಳಿಗೆ ತೋರಿಸಲು ನನಗೆ ಸಂಕೋಚವಾಗುತ್ತದೆ. ಆದರೂ ಅರ್ಜಿ ತಿರಸ್ಕೃತವಾಯಿತು.

ಕಾರಣ ಸರಳವಾದದ್ದು. ಚೀನಾದಲ್ಲಿ 2017ರಿಂದ ವಿದೇಶಿಯರಿಗೆ ಏಕರೂಪದ ಕೆಲಸದ ಪರವಾನಗಿ ವ್ಯವಸ್ಥೆ ಬಂದಿದೆ. ಅದರಂತೆ ಭಾಷೆಯನ್ನು ಕಲಿಸಲು ಬರುವ ವಿದೇಶಿಯರು ಸಾಮಾನ್ಯವಾಗಿ ತಮ್ಮ ಮಾತೃಭಾಷೆಯನ್ನೇ ಕಲಿಸತಕ್ಕದ್ದು; ಅದು ಅವರ ದೇಶದ ಮಾತೃಭಾಷೆಯೂ ಆಗಿರತಕ್ಕದ್ದು. ಪದವಿಯೂ ಎರಡು ವರ್ಷಗಳ ಅನುಭವವೂ ಬೇಕು, ಆದರೆ ಅವುಗಳಿಂದಷ್ಟೇ ಸಾಲದು. ಬ್ರಿಟನ್, ಅಮೆರಿಕ, ಕೆನಡ, ಆಸ್ಟ್ರೇಲಿಯದಂತಹ ಕೆಲವೇ ದೇಶಗಳವರನ್ನು ಇಂಗ್ಲಿಷಿನ ವಾರಸುದಾರರೆಂದು ಅಲ್ಲಿನ ಕಚೇರಿಗಳು ಗಣಿಸುತ್ತವೆ. ಭಾರತ ಆ ಪಟ್ಟಿಯಲ್ಲಿ ಇರುವುದಿಲ್ಲ.

ಈ ನಿಯಮ ನ್ಯಾಯವೇ ಎಂದು ವಾದಿಸಬಹುದು. ಭಾಷೆಯನ್ನು ಚೆನ್ನಾಗಿ ಕಲಿಸುವ ಶಕ್ತಿಗೂ ಹುಟ್ಟಿದ ಊರಿಗೂ ಅಂತಹ ಸಂಬಂಧವಿಲ್ಲವೆಂದೇ ನನ್ನ ನಂಬಿಕೆ. ಆದರೆ ಅರ್ಜಿ ನಮೂನೆಯ ಒಂದು ಅಂಕಣ ಮಾತ್ರ ನನ್ನನ್ನು ಕಾಡಿತು. ‘ಮಾತೃಭಾಷೆ’ ಎಂಬಲ್ಲಿ ಆ ಹುಡುಗಿ ‘ಕನ್ನಡ’ ಎಂದು ಬರೆದಳು. ಇಪ್ಪತ್ತು ವರ್ಷ ಇಂಗ್ಲಿಷಿನಲ್ಲಿ ಓದಿ, ಬರೆದು, ಕನಸು ಕಂಡ ಮೇಲೂ ಆ ಅಂಕಣದಲ್ಲಿ ಬರೆಯಬಹುದಾಗಿದ್ದ ಸತ್ಯ ಅದೊಂದೇ. ಇಂಗ್ಲಿಷಿಗಾಗಿ ನಾವು ಕನ್ನಡವನ್ನು ಬಿಡಿಸಿದೆವು. ಇಂಗ್ಲಿಷ್ ನಿನ್ನದಲ್ಲವೆಂದು ಲೋಕ ಹೇಳಿತು. ಅವಳ ಕೈಯಲ್ಲಿ ಉಳಿದದ್ದೇನು?

ಕೊನೆಗೆ ಗಣಿತ ಅವಳ ಕೈಹಿಡಿಯಿತು. ಗಣಿತಕ್ಕೆ ಮಾತೃಭಾಷೆಯ ಅಂಕಣವಿಲ್ಲ.

ಅಲ್ಲಿ ಶೈಕ್ಷಣಿಕ ವರ್ಷ ಸೆಪ್ಟೆಂಬರಿನಲ್ಲಿ ತೊಡಗುತ್ತದೆ. ಇವಳು ಪಾಠದ ಟಿಪ್ಪಣಿಗಳನ್ನು ಸಿದ್ಧಪಡಿಸಿಕೊಂಡು ಹೋದರೆ ಮೊದಲ ವರ್ಷದ ವಿದ್ಯಾರ್ಥಿಗಳು ತರಗತಿಯಲ್ಲೇ ಇಲ್ಲ. ಸಮವಸ್ತ್ರ ತೊಟ್ಟು ಮೈದಾನದಲ್ಲಿ ಕವಾಯತು ಮಾಡುತ್ತಿದ್ದಾರೆ. ಹೊಸದಾಗಿ ಸೇರಿದವರಿಗೆಲ್ಲ ಮೊದಲು ಕೆಲವು ವಾರ ಸೈನಿಕ ತರಬೇತಿ. ಅದು ಮುಗಿಯುವಷ್ಟರಲ್ಲಿ ಸೆಪ್ಟೆಂಬರ್ 10 ಬಂದುಹೋಗಿರುತ್ತದೆ. ಅದು 1985ರಿಂದ ಅವರ ಶಿಕ್ಷಕರ ದಿನ. ಪಾಠವನ್ನೇ ಆರಂಭಿಸದ ಇವಳಿಗೂ ಒಬ್ಬರು ಹೂವು ಕೊಟ್ಟರಂತೆ. ಬಳಿಕ ಅಕ್ಟೋಬರ್ 1ರಿಂದ ರಾಷ್ಟ್ರೀಯ ದಿನದ ದೀರ್ಘ ರಜೆ. ಆ ರಜೆಯನ್ನು ಸರಿದೂಗಿಸಲು ಅದರ ಹಿಂದುಮುಂದಿನ ಶನಿವಾರವೋ ಭಾನುವಾರವೋ ತರಗತಿ. ಕೇಂದ್ರ ಸರ್ಕಾರದ ನೌಕರನಾದ ನನಗೆ ರಜೆಯ ವಿಷಯದಲ್ಲಿ ಸಾಕಷ್ಟು ಪಾಂಡಿತ್ಯವಿದೆ. ಆದರೂ ರಜೆ ಕೊಟ್ಟು ಹಿಂತೆಗೆದುಕೊಳ್ಳುವ ಈ ವಿದ್ಯೆ ನನಗೆ ಹೊಸದು.

ಮೊದಲ ಪಾಠದ ದಿನ ಅವಳು ಮೂರು ಬಾರಿ ಕೇಳಿದಳಂತೆ: ಯಾರಿಗಾದರೂ ಪ್ರಶ್ನೆ ಇದೆಯೇ? ಒಂದು ಕೈಯೂ ಮೇಲೇಳಲಿಲ್ಲ. ತಾನು ಸೋತೆನೆಂದು ತಿಳಿದಳು. ಗಂಟೆ ಬಾರಿಸಿದ ಮೇಲೆ ಒಬ್ಬೊಬ್ಬರಾಗಿ ಮೇಜಿನ ಬಳಿ ಬಂದರು. ‘ಲಾವೋಶಿ’ ಎಂದು ಕರೆದು, ತಗ್ಗಿದ ದನಿಯಲ್ಲಿ, ಬಹಳ ಒಳ್ಳೆಯ ಪ್ರಶ್ನೆಗಳನ್ನು ಕೇಳಿದರು. ಲಾವೋಶಿ ಎಂದರೆ ಗುರು. ಬಿಡಿಸಿ ಹೇಳಿದರೆ ‘ಹಿರಿಯ ಗುರು’. ಮೂವತ್ತು ವರ್ಷದ ಹೆಣ್ಣುಮಗಳು ಒಂದೇ ಗಂಟೆಯಲ್ಲಿ ಹಿರಿಯಳಾದಳು. ಎಲ್ಲರೆದುರು ಪ್ರಶ್ನೆ ಕೇಳಿದರೆ ಗುರುವಿನ ಪಾಠ ಅಸ್ಪಷ್ಟವಾಗಿತ್ತೆಂದು ಸಾರಿದಂತಾಗುತ್ತದೆ ಎಂಬ ಸಂಕೋಚ ಆ ಮೌನದಲ್ಲಿ ಇತ್ತೆಂದು ಅವಳಿಗೆ ಆಮೇಲೆ ತಿಳಿಯಿತು. ಪರನಾಡಿನ ಗುರು ಮೊದಲು ಕಲಿಯಬೇಕಾದದ್ದು ವಿದ್ಯಾರ್ಥಿಗಳ ಮಾತನ್ನಷ್ಟೇ ಅಲ್ಲ, ಅವರ ಮೌನವನ್ನೂ ಎಂದು ಅವಳು ನನಗೆ ಹೇಳಿದಳು.

ಈ ಮಾತು ಕೇಳಿದಾಗ ನನ್ನ ಇತಿಹಾಸದ ಓದು ನೆನಪಿಗೆ ಬಂದಿತು. ನಮ್ಮ ಕಡೆಯಿಂದ ಚೀನಾಕ್ಕೆ ಹೋದ ಗುರುಗಳಲ್ಲಿ ಈಕೆ ಮೊದಲಿಗಳಲ್ಲ.

ಕ್ರಿ.ಶ. 692ರಲ್ಲಿ ಚೀನಾದ ರಾಜಧಾನಿಗೆ ಭಾರತದ ಐದು ದಿಕ್ಕುಗಳ ಅರಸರಿಂದ ರಾಯಭಾರ ಬಂದಿತೆಂದು ಅಲ್ಲಿನ ದಾಖಲೆಗಳು ಹೇಳುತ್ತವೆ. ಅವರಲ್ಲಿ ದಕ್ಷಿಣ ಭಾರತದ ಅರಸನ ಹೆಸರು ಚೀನೀ ಲಿಪಿಯಲ್ಲಿ ‘ಚಾಲುಕ್ಯ ವಲ್ಲಭ’ ಎಂದು ಬರೆಯಲ್ಪಟ್ಟಿದೆ. ಆಗ ಬಾದಾಮಿಯ ಸಿಂಹಾಸನದಲ್ಲಿದ್ದವನು ಪುಲಕೇಶಿಯ ಮೊಮ್ಮಗ ವಿನಯಾದಿತ್ಯ. ಈ ಕಾಲದಲ್ಲಿಯೇ ದಕ್ಷಿಣ ಭಾರತದ ಧರ್ಮರುಚಿ ಎಂಬ ವಿದ್ವಾಂಸ ಚೀನಾಕ್ಕೆ ಹೋದನು. ಚೀನೀ ದೂತನು ಅವನನ್ನು ಕಂಡದ್ದು ಚಾಲುಕ್ಯರ ಆಸ್ಥಾನದಲ್ಲಿ ಎಂದು ವಿದ್ವಾಂಸರು ಹೇಳುತ್ತಾರೆ. ಅವನ ಮನೆಮಾತು ಕನ್ನಡವಾಗಿತ್ತೆಂದು ನಾನು ಹೇಳುವುದಿಲ್ಲ, ಅದಕ್ಕೆ ಆಧಾರವಿಲ್ಲ. ಆದರೆ ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನದಲ್ಲಿ ಕನ್ನಡದ ತ್ರಿಪದಿಗಳು ಮೂಡಿದ ಕಾಲಕ್ಕೂ ಅವನ ಕಾಲಕ್ಕೂ ಹೆಚ್ಚಿನ ಅಂತರವಿಲ್ಲ.

ಧರ್ಮರುಚಿ ಹುಟ್ಟಿನಿಂದ ಬ್ರಾಹ್ಮಣ. ಸಾಂಖ್ಯ, ವ್ಯಾಕರಣ, ಜ್ಯೋತಿಷ, ವೈದ್ಯಗಳಲ್ಲಿ ಪಳಗಿದವನು. ಅರವತ್ತು ವರ್ಷವಾದ ಮೇಲೆ ಬೌದ್ಧನಾದನೆಂದು ಅವನ ಚೀನೀ ಚರಿತ್ರೆ ಹೇಳುತ್ತದೆ. ನಿವೃತ್ತಿಯ ದಿನ ಎಣಿಸುತ್ತಿರುವ ನಮ್ಮಂತಹವರು ಇದನ್ನು ಗಮನಿಸಬೇಕು. 693ರಲ್ಲಿ ಅವನು ಲುವೊಯಾಂಗ್ ತಲುಪಿದಾಗ ಆಳುತ್ತಿದ್ದವಳು ಚೀನಾದ ಇತಿಹಾಸದ ಏಕೈಕ ಮಹಿಳಾ ಚಕ್ರವರ್ತಿ ವೂ ಜೆಟಿಯನ್. ಅವಳು ಅವನ ಹೆಸರನ್ನೇ ಬದಲಿಸಿ ‘ಬೋಧಿರುಚಿ’ ಎಂದು ಕರೆದಳು. ಪರದೇಶದಲ್ಲಿ ಗುರುವಿಗೆ ಆಗುವ ಮೊದಲ ಅನುಭವ ಅಂದಿಗೂ ಇಂದಿಗೂ ಅದೇ: ಹೆಸರನ್ನು ಆ ಊರು ತನ್ನ ಬಾಯಿಗೆ ಒಗ್ಗಿಸಿಕೊಳ್ಳುತ್ತದೆ.

ಹ್ಯೂಯೆನ್‌ತ್ಸಾಂಗ್‌ನ ಹೆಸರು ನಮಗೆಲ್ಲ ಗೊತ್ತು. ಪುಲಕೇಶಿಯ ರಾಜ್ಯವನ್ನೂ ಇಲ್ಲಿನ ಕಂಚಿಯನ್ನೂ ಕಂಡುಹೋದವನು. ಅವನು ಭಾರತದಿಂದ ಹೊತ್ತು ತಂದ ‘ಮಹಾರತ್ನಕೂಟ’ವೆಂಬ ಸೂತ್ರಸಮುಚ್ಚಯವನ್ನು ಅನುವಾದಿಸಲು ಕುಳಿತು, ಕೆಲವು ಸಾಲುಗಳಾಗುವಷ್ಟರಲ್ಲಿ ಶಕ್ತಿ ಸಾಲದೆಂದು ಕೆಳಗಿಟ್ಟು, 664ರಲ್ಲಿ ತೀರಿಕೊಂಡನು. ನಾಲ್ಕು ದಶಕಗಳ ಬಳಿಕ, 706ರಲ್ಲಿ, ಆ ಗ್ರಂಥವನ್ನು ಬೋಧಿರುಚಿ ಕೈಗೆತ್ತಿಕೊಂಡನು.

ಆ ಮೊದಲ ದಿನದ ವರ್ಣನೆ ಚೀನೀ ಗ್ರಂಥಗಳಲ್ಲಿ ಉಳಿದಿದೆ. ಅರಮನೆಯ ಸಭಾಭವನದಲ್ಲಿ ಬೋಧಿರುಚಿ ಕುಳಿತ. ಅವನು ಹೇಳಿದ್ದನ್ನು ಬರೆದುಕೊಳ್ಳಲು ಕುಂಚ ಹಿಡಿದು ಕುಳಿತವನು ಸ್ವತಃ ಚಕ್ರವರ್ತಿ, ವೂ ಜೆಟಿಯನ್‌ಳ ಮಗ ಝೊಂಗ್‌ಜೊಂಗ್. ಸುತ್ತಲೂ ಅಧಿಕಾರಿಗಳು, ನೋಡುತ್ತ ಕುಳಿತವರು ರಾಣಿಯರು. ಪರದೇಶದ ಮೇಷ್ಟರೊಬ್ಬರ ಮೊದಲ ತರಗತಿಗೆ ಇದಕ್ಕಿಂತ ಹೆಚ್ಚಿನ ಗೌರವವನ್ನು ಊಹಿಸಿಕೊಳ್ಳುವುದು ಕಷ್ಟ.

ಆದರೆ ನನಗೆ ಇದಕ್ಕಿಂತ ಮುಖ್ಯವೆನಿಸಿದ್ದು ಮರುದಿನದ ಕೆಲಸ. ಅಂತಹ ಅನುವಾದ ಸಭೆಯಲ್ಲಿ ಒಬ್ಬ ವಿದೇಶೀ ಗುರು ಸಂಸ್ಕೃತ ಮೂಲವನ್ನು ಓದಿ ವಿವರಿಸುತ್ತಿದ್ದ, ಇನ್ನೊಬ್ಬ ಅದನ್ನು ಬಾಯಿಮಾತಿನ ಚೀನೀ ಭಾಷೆಗೆ ತರುತ್ತಿದ್ದ, ಮತ್ತೊಬ್ಬ ಬರೆದುಕೊಳ್ಳುತ್ತಿದ್ದ, ಅರ್ಥ ಸರಿಯೇ ಎಂದು ಪರೀಕ್ಷಿಸಲು ಕೆಲವರು, ಭಾಷೆಯನ್ನು ತಿದ್ದಿ ಹದಗೊಳಿಸಲು ಕೆಲವರು ಇರುತ್ತಿದ್ದರು. ಗುರುವಿನ ಹೆಸರು ಗ್ರಂಥದ ಮೇಲೆ ಬಂದರೂ ಗುರುವಿನ ಮಾತು ಹತ್ತು ಜನರ ಕೈದಾಟಿ ವಿದ್ಯಾರ್ಥಿಯನ್ನು ಮುಟ್ಟುತ್ತಿತ್ತು. 713ರಲ್ಲಿ ಕೆಲಸ ಮುಗಿದಾಗ ಒಟ್ಟು 49 ಸೂತ್ರಗಳು, 120 ಸುರುಳಿಗಳು. ಅವುಗಳಲ್ಲಿ ಬೋಧಿರುಚಿ ಹೊಸದಾಗಿ ಅನುವಾದಿಸಿದವು 26. ಉಳಿದ 23ಕ್ಕೆ ಹಿಂದಿನವರು ಮಾಡಿದ್ದ ಅನುವಾದಗಳನ್ನೇ ಉಳಿಸಿಕೊಂಡನು. ಹೊಸದಾಗಿ ಬಂದ ಅಧಿಕಾರಿ ಹಳೆಯವರ ಕಡತಗಳನ್ನೆಲ್ಲ ತಿರುವಿಹಾಕಿ ಮೊದಲಿನಿಂದ ತೊಡಗುವುದನ್ನು ನನ್ನ ಸೇವಾವಧಿಯಲ್ಲಿ ಅನೇಕ ಬಾರಿ ಕಂಡಿದ್ದೇನೆ, ನಾನೂ ಮಾಡಿದ್ದೇನೆ. ಬೋಧಿರುಚಿ ಹಾಗೆ ಮಾಡಲಿಲ್ಲ. 727ರಲ್ಲಿ ಅವನು ಅಲ್ಲಿಯೇ ತೀರಿಕೊಂಡನು.

ಇನ್ನು ನಾವು ಕುಳಿತಿರುವ ಈ ಪಲ್ಲವರ ನೆಲದ ಕಡೆ ನೋಡೋಣ. ಇಲ್ಲಿಯ ಗುಡ್ಡದಲ್ಲಿ ಮಹೇಂದ್ರವರ್ಮನ ಬಿರುದುಗಳನ್ನು ಕೊರೆದ ಗುಹಾಲಯವಿದೆ. ಈಗ ಅದು ದರ್ಗಾ. ಅವನ ವಂಶದ ರಾಜಸಿಂಹ, ಎಂದರೆ ಎರಡನೆಯ ನರಸಿಂಹವರ್ಮ, 720ರಲ್ಲಿ ಚೀನಾಕ್ಕೆ ರಾಯಭಾರ ಕಳುಹಿಸಿದನು. ಕಂಚಿಯೊಡನೆ ಸಂಬಂಧವಿದ್ದ ವಜ್ರಬೋಧಿ ಎಂಬ ಭಿಕ್ಷು ಕಡಲ ಹಾದಿಯಲ್ಲಿ 719ರಲ್ಲಿ ಚೀನಾದ ಗುವಾಂಗ್‌ಜೋವನ್ನು ಮುಟ್ಟಿ, 741ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿ ಪಾಠ ಹೇಳಿದನು. ಚೀನಾದ ದೊಡ್ಡ ಖಗೋಳ ವಿದ್ವಾಂಸ ಯೀಶಿಂಗ್ ಅವನಲ್ಲಿ ಕಲಿತನು; ಶಿಷ್ಯ ಅಮೋಘವಜ್ರ ಗುರುವಿಗಿಂತ ಹೆಚ್ಚು ಪ್ರಸಿದ್ಧನಾದನು.

ಬಾದಾಮಿಗೂ ಕಂಚಿಗೂ ಇದ್ದ ಹಗೆ ನಿಮಗೆ ತಿಳಿದದ್ದೇ. ಪಲ್ಲವರು 642ರಲ್ಲಿ ಬಾದಾಮಿಯನ್ನು ಗೆದ್ದರು. ವಿನಯಾದಿತ್ಯನ ಮೊಮ್ಮಗ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ. ಆದರೆ ರಾಜಸಿಂಹ ಕಟ್ಟಿಸಿದ ಕೈಲಾಸನಾಥ ದೇವಾಲಯದ ಸಂಪತ್ತನ್ನು ದೇವರಿಗೇ ಹಿಂದಿರುಗಿಸಿ, ಆ ಸಂಗತಿಯನ್ನು ಅಲ್ಲಿಯ ಕಂಬದ ಮೇಲೆ ಕನ್ನಡದಲ್ಲಿ ಬರೆಸಿದ. ಇಲ್ಲಿಂದ ಬಸ್ಸಿನಲ್ಲಿ ಹೋಗಿ ಸಂಜೆಯೊಳಗೆ ಹಿಂದಿರುಗಬಹುದಾದ ದೂರದಲ್ಲಿ ಆ ಕನ್ನಡ ಶಾಸನವಿದೆ. ನೀರಿನ ಜಗಳ ಬಂದಾಗಲೆಲ್ಲ, 1991ರಲ್ಲಿ, 2016ರಲ್ಲಿ, ಎರಡು ರಾಜ್ಯಗಳ ಬೀದಿಗಳಲ್ಲಿ ಆದದ್ದನ್ನು ನೆನೆದಾಗ ನನಗೆ ಆ ಕಂಬದ ನೆನಪಾಗುತ್ತದೆ. ಅರಸರು ಕಾದಾಡುತ್ತಿದ್ದ ಕಾಲದಲ್ಲೇ ಎರಡೂ ಕಡೆಯಿಂದ ಗುರುಗಳು ಹೊರಟು ಮೂರನೆಯ ದೇಶದಲ್ಲಿ ಪಾಠ ಹೇಳಿದರು.

ನಮಗೆ ಹತ್ತಿರದ ಕಾಲದ ಇನ್ನೊಬ್ಬರನ್ನು ನೆನೆದು ಈ ಭಾಗವನ್ನು ಮುಗಿಸುತ್ತೇನೆ. ಡಾಕ್ಟರ್ ದ್ವಾರಕಾನಾಥ ಕೋಟ್ನಿಸ್ 1910ರಲ್ಲಿ ಹುಟ್ಟಿದ್ದು ಸೊಲ್ಲಾಪುರದಲ್ಲಿ. ಮನೆಮಾತು ಮರಾಠಿ, ಊರು ಮಾತ್ರ ಕನ್ನಡವೂ ಮರಾಠಿಯೂ ತೆಲುಗೂ ಒಂದೇ ಬೀದಿಯಲ್ಲಿ ಕೇಳಿಬರುವಂತಹುದು. 1938ರಲ್ಲಿ, ಜಪಾನಿನ ಆಕ್ರಮಣಕ್ಕೆ ಸಿಕ್ಕಿದ್ದ ಚೀನಾಕ್ಕೆ ಭಾರತ ಕಳುಹಿಸಿದ ಐವರು ವೈದ್ಯರಲ್ಲಿ ಅವರೊಬ್ಬರು. ಅಲ್ಲಿ ಗಾಯಾಳುಗಳ ಶಸ್ತ್ರಚಿಕಿತ್ಸೆಯ ಜೊತೆಗೆ ವೈದ್ಯಕೀಯ ವಿದ್ಯಾರ್ಥಿಗಳಿಗೆ ಪಾಠವನ್ನೂ ಹೇಳಿದರು. ಅದಕ್ಕಾಗಿ ಚೀನೀ ಭಾಷೆಯನ್ನು ಕಲಿತು ಚೀನೀ ಭಾಷೆಯಲ್ಲಿಯೇ ಹೇಳಿದರು. 1942ರ ಡಿಸೆಂಬರ್ 9ರಂದು, 32ನೆಯ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡರು. ಇಂದಿಗೂ ಚೀನಾದ ಜನ ಅವರನ್ನು ಮರೆತಿಲ್ಲ.

ಮಿತ್ರರೆ, ಈಗ ಪಲ್ಲಾವರಕ್ಕೆ ಹಿಂದಿರುಗೋಣ. ಇಷ್ಟು ಹೇಳಿದ್ದು ಹಳೆಯ ಕೀರ್ತಿಯನ್ನು ಹಾಡಲಿಕ್ಕಲ್ಲ. ಇವರೆಲ್ಲರ ಬಾಳಿನಲ್ಲಿ ನನಗೆ ಕಾಣುವ ಸತ್ಯ ಒಂದು: ಪರನಾಡಿನಲ್ಲಿ ಕಲಿಸಬೇಕಾದವನಿಗೆ ಎರಡು ಸಂಪತ್ತು ಬೇಕು. ತನ್ನದೆಂದು ಕೊಡಲು ಒಂದಿಷ್ಟು ಇರಬೇಕು. ಅದನ್ನು ಕೊಡಲು ಅವರ ಮಾತು ಬೇಕು. ಮೊದಲನೆಯದಿಲ್ಲದವನು ಬರಿಗೈಯವನು; ಎರಡನೆಯದಿಲ್ಲದವನು ಮೂಕ.

ಇದನ್ನು ನಾನು ಕಲಿತದ್ದು ಸೋತು. ವರ್ಗವಾಗಿ ಈ ಊರಿಗೆ ಬಂದ ನಾನು 2003ರಲ್ಲಿ ಈ ತರಗತಿಯನ್ನು ವಹಿಸಿಕೊಂಡಾಗ ಮಕ್ಕಳು ಇಪ್ಪತ್ತಮೂರು. ಮೊದಲ ದಿನ ಕನ್ನಡದ ಹಿರಿಮೆಯ ಬಗ್ಗೆ ಮುಕ್ಕಾಲು ಗಂಟೆ ಮಾತನಾಡಿದೆ. ಧಾರವಾಡದ ಮಕ್ಕಳಿಗೆ ಹೇಳುವಂತೆ ಹೇಳಿದೆ. ಶಾಲೆಯಲ್ಲಿ ತಮಿಳು, ಹಿಂದಿ, ಇಂಗ್ಲಿಷ್ ಓದುತ್ತಿದ್ದ ಆ ಮಕ್ಕಳು ಮೌನವಾಗಿ ಕುಳಿತಿದ್ದರು. ಅದನ್ನು ನಾನು ಭಕ್ತಿಯೆಂದು ತಿಳಿದೆ. ಮುಂದಿನ ಭಾನುವಾರ ಹದಿನಾಲ್ಕು ಮಂದಿ ಬಂದರು.

ಆ ಎರಡನೆಯ ಭಾನುವಾರ ಏಳು ವರ್ಷದ ಹುಡುಗಿಯೊಬ್ಬಳು ಎದ್ದುನಿಂತು, “ಸಾರ್, ಹಾಲು ಅಂದ್ರೆ ಪಾಲ್ ತಾನೇ?” ಎಂದು ಕೇಳಿದಳು. ಹೌದು ಎಂದೆ. “ಹಾಗಾದ್ರೆ ಹುಲಿ ಅಂದ್ರೆ ಪುಲಿ? ಹಲ್ಲು ಅಂದ್ರೆ ಪಲ್?” ಮಕ್ಕಳೆಲ್ಲ ಒಮ್ಮೆಲೇ ಕಲರವವೆಬ್ಬಿಸಿದರು. ಹೂವು, ಪೂ; ಹಾವು, ಪಾಂಬು; ಹೆಸರು, ಪೆಯರ್. ನಾನು ಸೀಮೆಸುಣ್ಣ ಹಿಡಿದು ನಿಂತೇ ಇದ್ದೆ; ಪಾಠವನ್ನು ಅವರೇ ಮಾಡಿದರು. ಆಮೇಲೆ ನಾನು ಸೇರಿಸಿದ್ದು ಇಷ್ಟೆ: ತಮಿಳಿನ ಸೆವಿ ಕನ್ನಡದಲ್ಲಿ ಕಿವಿ, ತಮಿಳಿನ ಚೇರಿ ಕನ್ನಡದಲ್ಲಿ ಕೇರಿ. ಮತ್ತು ಪಂಪನ ಕಾಲದ ಕನ್ನಡದಲ್ಲಿಯೂ ಪಾಲ್, ಪುಲಿ, ಪಲ್ ಎಂದೇ ಇದ್ದವು. ‘ಪ’ಕಾರ ‘ಹ’ಕಾರವಾದದ್ದು ನಂತರದ ಶತಮಾನಗಳಲ್ಲಿ. ತಮಿಳು ಬಲ್ಲ ಪಲ್ಲಾವರದ ಮಗುವಿಗೆ ಹಳಗನ್ನಡದ ಒಂದು ಬಾಗಿಲು ಬೆಂಗಳೂರಿನ ಮಗುವಿಗಿಂತ ಸುಲಭವಾಗಿ ತೆರೆಯುತ್ತದೆ. ಅಡ್ಡಿಯೆಂದು ನಾನು ತಿಳಿದಿದ್ದ ತಮಿಳೇ ಏಣಿಯಾಯಿತು.

ಆ ಹುಡುಗಿಯೇ ಇಂದು ಚೀನಾದಲ್ಲಿ ಗಣಿತ ಕಲಿಸುತ್ತಿರುವವಳು.

ಈಗ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಅವಳಿಗೆ ಹತ್ತು ವರ್ಷವಾದಾಗ ತಂದೆ ನನ್ನ ಬಳಿ ಬಂದು, ಭಾನುವಾರ ಬೆಳಿಗ್ಗೆ ಇಂಗ್ಲಿಷ್ ಭಾಷಣದ ವಿಶೇಷ ತರಗತಿಯಿದೆ, ಕನ್ನಡ ಬಿಡಿಸಲೇ ಎಂದು ಕೇಳಿದರು. ನಾನು ಬೇಡವೆನ್ನಲಿಲ್ಲ. “ಬುದ್ಧಿವಂತೆ, ಕನ್ನಡ ಎಲ್ಲಿಗೆ ಹೋಗುತ್ತದೆ, ಮನೆಯಲ್ಲಿದೆಯಲ್ಲ” ಎಂದೆ. ಎಲ್ಲರೂ ಮೆಚ್ಚುವ ಮಾತು. ಆಗ ಅವಳು ಒತ್ತಕ್ಷರದ ಪಾಠದ ನಡುವೆ ಇದ್ದಳು.

ಚೀನಾದಲ್ಲಿ ಆ ಮೊದಲ ಪಾಠದ ಕೊನೆಗೆ ವಿದ್ಯಾರ್ಥಿಯೊಬ್ಬ, ನಿಮ್ಮ ಹೆಸರನ್ನು ನಿಮ್ಮ ಲಿಪಿಯಲ್ಲಿ ಬರೆದು ತೋರಿಸಿ ಎಂದು ಕೇಳಿದನಂತೆ. ಅವಳು ಹಲಗೆಯ ಮೇಲೆ ತಮಿಳಿನಲ್ಲಿ ಬರೆದಳು. ತಪ್ಪೇನಿಲ್ಲ, ತಮಿಳೂ ಅವಳದೇ. ಶಾಲೆಯಲ್ಲಿ ಕಲಿತದ್ದು, ಚೆನ್ನಾಗಿ ಬರೆಯುತ್ತಾಳೆ. ಬಳಿಕ ಅದರ ಕೆಳಗೆ ಕನ್ನಡದಲ್ಲಿ ಬರೆಯಹೋದಳು. ಅವಳ ಹೆಸರಿನಲ್ಲೊಂದು ಒತ್ತಕ್ಷರವಿದೆ. ಕೈ ಅಲ್ಲಿ ನಿಂತಿತು. ಗಂಟೆಯಾಯಿತೆಂದು ನೆಪ ಹೇಳಿ ಅಳಿಸಿದಳು. ಅಂದು ರಾತ್ರಿ ನನಗೆ ಫೋನು ಮಾಡಿ, “ಸಾರ್, ನನ್ನ ಹೆಸರು ಬರೆಯುವುದು ಹೇಗೆ?” ಎಂದು ಕೇಳಿದಳು. ಕಾಗದದ ಮೇಲೆ ಬರೆದು ಚಿತ್ರ ತೆಗೆದು ಕಳುಹಿಸಿದೆ. ಮುಂದಿನ ತರಗತಿಯಲ್ಲಿ ಅದನ್ನು ಹಲಗೆಯ ಮೇಲೆ ಬರೆದೆನೆಂದು ತಿಳಿಸಿದಳು. ಈಗ ವಾರಕ್ಕೊಮ್ಮೆ ಫೋನಿನಲ್ಲಿ ನಮ್ಮಿಬ್ಬರ ಪಾಠ ನಡೆಯುತ್ತಿದೆ. ಒತ್ತಕ್ಷರ ಮುಗಿದಿದೆ.

ಸಮಿತಿಯ ಮಿತ್ರರ ಪ್ರಶ್ನೆಗೆ ನನ್ನ ಉತ್ತರ ಇದು. ಹನ್ನೊಂದು ಮಕ್ಕಳಿಗಾಗಿ ತರಗತಿ ಬೇಕು. ಯಾವ ಮಗು ಯಾವ ಊರಿನ ಹಲಗೆಯ ಮುಂದೆ ನಿಲ್ಲುತ್ತದೆಯೆಂದು ನಮಗೆ ಇಂದು ತಿಳಿಯದು.

ಜೊತೆಗೆ ಎರಡು ವಿನಂತಿಗಳು. ಮೊದಲನೆಯದು ಪಾಲಕರಿಗೆ: ಮಗುವನ್ನು ಬಿಡಿಸಬೇಕೆನಿಸಿದಾಗ ಒಂದು ಅವಧಿ ಮುಗಿಯುವವರೆಗಾದರೂ ಕಾಯಿರಿ, ಪಾಠದ ನಡುವೆ ಬಿಡಿಸಬೇಡಿ. ನನ್ನಂತಹ ಮೇಷ್ಟರು ಸೌಜನ್ಯಕ್ಕೆ ಒಪ್ಪಿಕೊಂಡರೂ ನೀವು ಒಪ್ಪಬೇಡಿ. ಎರಡನೆಯದು ನಮ್ಮ ವಯಸ್ಸಿನವರಿಗೆ: ನಮ್ಮಲ್ಲಿ ಅನೇಕರು ಮೂವತ್ತು ವರ್ಷದಿಂದ ಇಲ್ಲಿದ್ದು, ಶುಕ್ರವಾರದ ಸಂತೆಯಲ್ಲಿ ಚೌಕಾಸಿ ಮಾಡುವಷ್ಟು ತಮಿಳು ಕಲಿತಿದ್ದೇವೆ, ಬಸ್ಸಿನ ಫಲಕವನ್ನು ಓದಲು ಇಂದಿಗೂ ಪಕ್ಕದವರನ್ನು ಕೇಳುತ್ತೇವೆ. ಕೋಟ್ನಿಸ್ ಅವರು ಯುದ್ಧದ ನಡುವೆ ಚೀನೀ ಭಾಷೆ ಕಲಿತರು. ನಮಗೆ ಇಲ್ಲಿ ಯಾವ ಯುದ್ಧವೂ ಇಲ್ಲ. ಮುಂದಿನ ಭಾನುವಾರದಿಂದ, ಮಕ್ಕಳ ಕನ್ನಡ ತರಗತಿ ನಡೆಯುವ ಹೊತ್ತಿನಲ್ಲಿಯೇ, ಪಕ್ಕದ ಕೋಣೆಯಲ್ಲಿ ಹಿರಿಯರಿಗೆ ತಮಿಳು ಓದುಬರಹದ ತರಗತಿ ತೊಡಗಲು ಅಧ್ಯಕ್ಷರು ಒಪ್ಪಿದ್ದಾರೆ. ನೆರೆಮನೆಯ ನಿವೃತ್ತ ಶಿಕ್ಷಕಿಯೊಬ್ಬರು ಕಲಿಸಲು ಒಪ್ಪಿದ್ದಾರೆ. ಮೊದಲ ವಿದ್ಯಾರ್ಥಿಯಾಗಿ ನನ್ನ ಹೆಸರನ್ನು ಬರೆದುಕೊಟ್ಟಿದ್ದೇನೆ.

ಮಕ್ಕಳೆ, ಇಂದಿನ ಪಾಠ ಒತ್ತಕ್ಷರ. ಮೊದಲು ಎಲ್ಲರೂ ನಿಮ್ಮ ನಿಮ್ಮ ಹೆಸರನ್ನು ಬರೆಯಿರಿ. ಗೊತ್ತಿಲ್ಲದವರು ಕೈ ಎತ್ತಿ. ಎತ್ತಲು ಸಂಕೋಚವಾದರೆ ಗಂಟೆ ಮುಗಿದ ಮೇಲೆ ನನ್ನ ಮೇಜಿನ ಬಳಿ ಬನ್ನಿ.